ದೊಡ್ಡವರ ಮೇಲ್ದವಡೆ ಅಗಲ ಮಾಡಿಸುವ ಮುಂಚೆ: ಕೀ ಯಾರ ಕೈಯಲ್ಲಿ?

ನನ್ನ ತಮ್ಮನಿಗೆ 26 ವರ್ಷ ಇದ್ದಾಗ ಅವನ ಮೇಲ್ದವಡೆಗೆ ಆಪರೇಷನ್ ಆಯಿತು. ಮೂಳೆ ಕೊಯ್ದವರು ಡಾಕ್ಟರು. ಅಗಲ ಮಾಡಿದ್ದು ಮಾತ್ರ ನಾನು. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಎರಡು ವಾರಕ್ಕಿಂತ ಜಾಸ್ತಿ, ದಾವಣಗೆರೆಯ ನಮ್ಮ ಮನೆ ಹಾಲ್‌ನಲ್ಲಿ, ಮೊಬೈಲ್ ಟಾರ್ಚ್ ಬೆಳಕಿನಲ್ಲಿ. ಅವನು ಸೋಫಾ ಮೇಲೆ ತಲೆ ಹಿಂದಕ್ಕೆ ಚೆಲ್ಲಿ ಬಾಯಿ ತೆರೆದು ಕೂರುತ್ತಿದ್ದ. ನಾನು ಅಂಗುಳದಲ್ಲಿದ್ದ ಸ್ಕ್ರೂಗೆ ಸಣ್ಣ ಕೀ ಹಾಕಿ ತಿರುಗಿಸುತ್ತಿದ್ದೆ. ಆಸ್ಪತ್ರೆಯಲ್ಲಿ ಆಗಿದ್ದು ಒಂದೆರಡು ಗಂಟೆಯ ಕೆಲಸ. ಮನೆಯಲ್ಲಿ ಆಗಿದ್ದು ತಿಂಗಳುಗಟ್ಟಲೆ. ಜನ ಆಪರೇಷನ್ ಬಗ್ಗೆ ಭಯಪಟ್ಟು ಎಲ್ಲಾ ವಿಚಾರಿಸುತ್ತಾರೆ, ಆಮೇಲಿನ ಕೆಲಸದ ಬಗ್ಗೆ ಕೇಳುವುದೇ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು: ಇದು ನಿಮಗೆ ಬೇಕಾ?

ಕನ್ನಡಿ ಮುಂದೆ ನಿಂತು ಹಿಂದಿನ ಹಲ್ಲು ಕಚ್ಚಿ, ಕೆನ್ನೆಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು ನೋಡಿ. ಮೇಲಿನ ಹಲ್ಲಿನ ಸಾಲು ಕೆಳಗಿನದಕ್ಕಿಂತ ತುಸು ಹೊರಗೆ ಇರಬೇಕು, ಡಬ್ಬಿ ಮೇಲೆ ಮುಚ್ಚಳ ಕೂತ ಹಾಗೆ. ಮುಚ್ಚಳವೇ ಚಿಕ್ಕದಾಗಿ ಡಬ್ಬಿಯೊಳಗೆ ಇಳಿದಿದ್ದರೆ ಅದಕ್ಕೆ ಕ್ರಾಸ್‌ಬೈಟ್ ಅನ್ನುತ್ತಾರೆ. ಒಂದು ಕಡೆ ಇರಬಹುದು, ಎರಡೂ ಕಡೆ ಇರಬಹುದು. ಜೊತೆಗೆ ಅಂಗುಳ ಎತ್ತರವಾಗಿ ಕಿರಿದಾಗಿರುವುದು, ಮುಂದಿನ ಹಲ್ಲುಗಳು ಜಾಗವಿಲ್ಲದೆ ಒಂದರ ಮೇಲೊಂದು ಹತ್ತಿರುವುದು, ಇವೆಲ್ಲ ಮೇಲ್ದವಡೆ ಚಿಕ್ಕದು ಅನ್ನುವುದರ ಸುಳಿವು. ಸುಳಿವು ಮಾತ್ರ. ತೀರ್ಮಾನ ಡಾಕ್ಟರದು.

ನಮ್ಮ ಮೇಲ್ದವಡೆ ಒಂದೇ ಮೂಳೆ ಅಲ್ಲ, ಎಡ ಬಲ ಎರಡು. ಅಂಗುಳದ ನಡುವೆ ಅವು ಸೇರುವ ಒಂದು ಗೆರೆ ಇದೆ. ಮಕ್ಕಳಲ್ಲಿ ಆ ಗೆರೆ ಇನ್ನೂ ಹಸಿ. ಬಾಯಿಗೆ ಒಂದು ಸ್ಕ್ರೂ ಹಾಕಿ ತಿರುಗಿಸಿದರೆ ಸಾಕು, ಎರಡು ಭಾಗ ದೂರ ಸರಿದು ನಡುವೆ ಹೊಸ ಮೂಳೆ ತುಂಬುತ್ತದೆ. ಇದು ಹೊಸ ವಿದ್ಯೆಯಲ್ಲ. 1860ರಲ್ಲೇ ಅಮೆರಿಕದ ಏಂಜೆಲ್ ಎಂಬ ದಂತವೈದ್ಯ 14 ವರ್ಷದ ಹುಡುಗಿಯೊಬ್ಬಳಿಗೆ ಹೀಗೆ ಮಾಡಿ ಬರೆದಿದ್ದ. ಆಗ ಯಾರೂ ಸರಿಯಾಗಿ ನಂಬಲಿಲ್ಲ, ಆ ಮಾತು ಬೇರೆ.

ವಯಸ್ಸಾದಂತೆ ಆ ಗೆರೆಯ ಎರಡು ಅಂಚು ಗರಗಸದ ಹಲ್ಲಿನಂತೆ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಚಿತ್ರದುರ್ಗದ ಕೋಟೆಯಲ್ಲಿ ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕಚ್ಚಿ ಕೂತಿದೆಯಲ್ಲ, ಹಾಗೆ. ಇನ್ನೊಂದು ವಿಷಯ ನನಗೂ ಗೊತ್ತಿರಲಿಲ್ಲ. ನಡುವಿನ ಗೆರೆಗಿಂತ ಜಾಸ್ತಿ ತಡೆ ಕೊಡುವುದು ಪಕ್ಕದ ಕಂಬಗಳು. ಕೆನ್ನೆ ಮೂಳೆ ದವಡೆಗೆ ಬಂದು ಸೇರುವ ಜಾಗ, ಮತ್ತು ಹಿಂದೆ ತಲೆಬುರುಡೆಗೆ ದವಡೆ ತಾಗಿಕೊಂಡಿರುವ ಜಾಗ. ಆಪರೇಷನ್‌ನಲ್ಲಿ ಸಡಿಲ ಮಾಡುವುದು ಮುಖ್ಯವಾಗಿ ಈ ಕಂಬಗಳನ್ನು.

ಎಷ್ಟನೇ ವಯಸ್ಸಿಗೆ ಗಟ್ಟಿಯಾಗುತ್ತದೆ ಅಂದರೆ ಒಂದೇ ಉತ್ತರ ಇಲ್ಲ. ಹದಿನೇಳಕ್ಕೇ ಬೆಸೆದುಕೊಂಡವರಿದ್ದಾರೆ, ಇಪ್ಪತ್ತೈದು ದಾಟಿದರೂ ಬೆಸೆಯದವರಿದ್ದಾರೆ. ಅದಕ್ಕೇ ಸಿಬಿಸಿಟಿ ಸ್ಕ್ಯಾನ್, ಅಂದರೆ ದವಡೆಯನ್ನು ಎಲ್ಲ ಕಡೆಯಿಂದ ತೋರಿಸುವ 3ಡಿ ಎಕ್ಸ್‌ರೇ, ಮಾಡಿಸುತ್ತಾರೆ. ಆ ಗೆರೆ ಎಷ್ಟು ಬೆಸೆದಿದೆ ಅಂತ ಸ್ಕ್ಯಾನ್‌ನಲ್ಲಿ ನೋಡಿ ಎ ಇಂದ ಇ ತನಕ ಐದು ಹಂತದಲ್ಲಿ ಗುರುತಿಸುವ ಕ್ರಮ 2013ರಿಂದ ಬಳಕೆಯಲ್ಲಿದೆ. ಡಾಕ್ಟರನ್ನು ನೇರವಾಗಿ ಕೇಳಿ: "ಸರ್, ನನ್ನದು ಯಾವ ಹಂತ?" ಡಿ ಅಥವಾ ಇ ಅಂದರೆ ಬರೀ ಸ್ಕ್ರೂನಿಂದ ಬಿಡುವುದು ಕಷ್ಟ.

ಬರೀ ಕ್ಲಿಪ್ ಹಾಕಿ ಸರಿ ಮಾಡಿಬಿಡ್ತೀವಿ ಅಂದರೆ

ನಾವು ಇಲ್ಲೇ ಎಡವಿದ್ದು. ಮೊದಲು ಹೋಗಿದ್ದ ಕ್ಲಿನಿಕ್‌ನಲ್ಲಿ "ಕ್ಲಿಪ್ ಸಾಕು" ಅಂದರು. ಒಂದು ವರ್ಷ ಹಾಕಿದರು. ಮೂಳೆ ಅಗಲವಾಗಲಿಲ್ಲ, ಹಲ್ಲುಗಳು ಮಾತ್ರ ಹೊರಕ್ಕೆ ವಾಲಿದವು. ಬೇಲಿ ಗೂಟ ವಾಲಿದ ಹಾಗೆ. ದವಡೆ ಹಲ್ಲಿನ ಹೊರಭಾಗದಲ್ಲಿ ಒಸಡು ಮೇಲಕ್ಕೆ ಸರಿದು ಬೇರು ಕಾಣತೊಡಗಿತು. ಕೊರತೆ ಒಂದೆರಡು ಮಿಲಿಮೀಟರ್ ಇದ್ದರೆ ಕ್ಲಿಪ್ಪಿನಲ್ಲೇ ಹೊಂದಿಸಬಹುದು, ಅದು ತಪ್ಪಲ್ಲ. ಸಾಮಾನ್ಯವಾಗಿ 5 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ಆಪರೇಷನ್ ಮಾತು ಬರುತ್ತದೆ. ಹೋದ ಒಸಡು ತಾನಾಗಿ ವಾಪಸ್ ಬರುವುದಿಲ್ಲ, ಹಾಗಾಗಿ ಇಲ್ಲಿ ಇನ್ನೊಬ್ಬರ ಅಭಿಪ್ರಾಯ ಕೇಳಲು ನಾಚಿಕೆ ಬೇಡ.

ದಾರಿ ಮೂರಿವೆ. ಒಂದು, ಅಂಗುಳದ ಮೂಳೆಗೇ ಸಣ್ಣ ಸ್ಕ್ರೂಗಳನ್ನು ಕೂರಿಸಿ ಅದರ ಬಲದಿಂದ ಅಗಲ ಮಾಡುವುದು. ಡಾಕ್ಟರುಗಳು ಇದಕ್ಕೆ ‘ಮಾರ್ಪಿ’ ಅನ್ನುತ್ತಾರೆ. ದೊಡ್ಡ ಆಪರೇಷನ್ ಇಲ್ಲ, ಆದರೆ ವಯಸ್ಸು ಜಾಸ್ತಿಯಾದಷ್ಟೂ ಗೆರೆ ತೆರೆಯದೇ ಹೋಗುವ ಸಂಭವ ಜಾಸ್ತಿ. ಎರಡು, ಕಂಬ ಸಡಿಲಿಸಿ ಸ್ಕ್ರೂ ತಿರುಗಿಸುವ ‘ಸಾರ್ಪಿ’. ನನ್ನ ತಮ್ಮನಿಗೆ ಮಾಡಿದ್ದು ಇದೇ. ಮೂರು, ಮೇಲ್ದವಡೆಯನ್ನು ಪೂರ್ತಿ ಬಿಡಿಸಿ, ತುಂಡು ಮಾಡಿ, ಒಂದೇ ಸಲಕ್ಕೆ ಅಗಲವಾಗಿ ಪ್ಲೇಟ್ ಹಾಕಿ ಕೂರಿಸುವುದು. ದವಡೆ ಕಿರಿದಾಗಿರುವುದರ ಜೊತೆಗೆ ಮುಂದೆ ಹಿಂದೆಯೂ ಆಗಿದ್ದರೆ, ಕಚ್ಚಿದಾಗ ಮುಂದಿನ ಹಲ್ಲುಗಳು ಮೇಲೆ ಕೆಳಗೆ ಸೇರದೇ ಇದ್ದರೆ, ಈ ಮೂರನೆಯದು ಎರಡು ಆಪರೇಷನ್ ಬದಲು ಒಂದರಲ್ಲೇ ಮುಗಿಸಬಹುದು. ಆದರೆ ತುಂಬಾ ಅಗಲ ಬೇಕಾದಾಗ ಅದು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಮುಂದೆ ಕೆಳದವಡೆಗೂ ಆಪರೇಷನ್ ಬೇಕಾಗುತ್ತದಾ ಅನ್ನುವುದನ್ನು ಈಗಲೇ ಕೇಳಿ. ಇದಾದ ಮೇಲೆ ಅದು ಅಂತ ಗೊತ್ತಾದರೆ ಮನೆಯವರಿಗೆ ಸಿಟ್ಟು ಬರುವುದು ಸಹಜ.

ಗೊರಕೆ ಹೋಗುತ್ತದೆ, ಮೂಗು ಕಟ್ಟುವುದು ನಿಲ್ಲುತ್ತದೆ ಅನ್ನುವ ಆಸೆಯಿಂದ ಮಾತ್ರ ಇದಕ್ಕೆ ಇಳಿಯಬೇಡಿ. ಅಂಗುಳ ಅಂದರೆ ಮೂಗಿನ ನೆಲವೇ, ಅದು ಅಗಲವಾದಾಗ ಕೆಲವರಿಗೆ ಉಸಿರು ಹಗುರವಾಗುತ್ತದೆ. ಎಲ್ಲರಿಗೂ ಆಗುತ್ತದೆ ಅಂತ ಯಾರಾದರೂ ಬರೆದುಕೊಟ್ಟರೆ ನಂಬಬೇಡಿ.

ಎಲ್ಲಿ, ಯಾರು

ಇದಕ್ಕೆ ಇಬ್ಬರು ಡಾಕ್ಟರು ಬೇಕು. ಕ್ಲಿಪ್ ಹಾಕುವ ಆರ್ಥೊಡಾಂಟಿಸ್ಟ್, ಮೂಳೆ ಕೊಯ್ಯುವ ಓರಲ್ ಸರ್ಜನ್. ಇಬ್ಬರೂ ಒಟ್ಟಿಗೆ ಕೂತು ಮಾತಾಡಿಕೊಂಡಿರಬೇಕು. ಈ ವಿಷಯದಲ್ಲಿ ದಾವಣಗೆರೆಯವರು ಅದೃಷ್ಟವಂತರು. ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್, ಎರಡು ದಂತ ಕಾಲೇಜು ಒಂದೇ ಊರಲ್ಲಿವೆ. ಚಿತ್ರದುರ್ಗದಲ್ಲಿ ಎಸ್‌ಜೆಎಂ ಡೆಂಟಲ್ ಕಾಲೇಜು ಇದೆ. ಕಾಲೇಜು ಆಸ್ಪತ್ರೆ ಅಂದರೆ ಕಾಯುವುದು ಜಾಸ್ತಿ, ಸ್ಟೂಡೆಂಟ್ ಡಾಕ್ಟರುಗಳು ನೋಡುತ್ತಾರೆ, ಆದರೆ ಪ್ರೊಫೆಸರ್ ಕಣ್ಣಳತೆಯಲ್ಲಿ. ನನಗೇನೂ ಅದು ಕೊರತೆ ಅನ್ನಿಸಲಿಲ್ಲ. ಪಿಜಿ ಮಾಡುತ್ತಿದ್ದ ಹುಡುಗಿಯೇ ನಮಗೆ ಅತಿ ಹೆಚ್ಚು ಸಮಯ ಕೊಟ್ಟು ಹೇಳಿಕೊಟ್ಟಿದ್ದು.

ಖರ್ಚು ಕೇಳುವಾಗ "ಒಟ್ಟು ಎಷ್ಟು" ಅಂತ ಕೇಳಿದರೆ ಸಾಲದು. ಸ್ಕ್ಯಾನ್, ಎಕ್ಸ್‌ಪ್ಯಾಂಡರ್ (ಅಗಲ ಮಾಡುವ ಸ್ಕ್ರೂ ಇರುವ ಸಾಧನ), ಆಪರೇಷನ್, ಅರಿವಳಿಕೆ, ವಾರ್ಡು, ಆಮೇಲಿನ ಕ್ಲಿಪ್, ಒಂದೊಂದನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಹೆಲ್ತ್ ಇನ್ಶೂರೆನ್ಸ್ ಇದ್ದರೆ ಆಪರೇಷನ್‌ಗೆ ಮುಂಚೆಯೇ ಕೇಳಿ. ಹಲ್ಲಿನ ಚಿಕಿತ್ಸೆಯನ್ನು ಬಹಳ ಪಾಲಿಸಿಗಳು ಹೊರಗಿಟ್ಟಿರುತ್ತವೆ, ಇದು ದವಡೆ ಮೂಳೆ ಆಪರೇಷನ್ ಅಂತ ಸರ್ಜನ್ ಪತ್ರ ಬರೆದುಕೊಟ್ಟರೆ ಕೇಳಿ ನೋಡಬಹುದು.

ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಬರುವವರು ಮೊದಲ ಮೂರು ವಾರ ದಾವಣಗೆರೆಯಲ್ಲೇ ನೆಂಟರ ಮನೆಯಲ್ಲಿ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ. ಮುಖ ಊದಿಸಿಕೊಂಡು ಬಸ್ಸಿನಲ್ಲಿ ಓಡಾಡುವುದು ಬೇಡ.

ಆಪರೇಷನ್‌ಗೆ ಮುಂಚಿನ ದಿನಗಳು

ಮೇಲಿನ ಎರಡು ಮುಂದಿನ ಹಲ್ಲಿನ ಬೇರುಗಳ ನಡುವೆ ಉಳಿ ಹೋಗಬೇಕು. ಬೇರುಗಳು ತೀರಾ ಹತ್ತಿರವಿದ್ದರೆ ಕೆಲವರಿಗೆ ಮೊದಲು ಕ್ಲಿಪ್ ಹಾಕಿ ಬೇರುಗಳನ್ನು ತುಸು ದೂರ ಮಾಡುತ್ತಾರೆ. ಆಪರೇಷನ್‌ಗೆ ಕೆಲವು ದಿನ ಮುಂಚೆ ಎಕ್ಸ್‌ಪ್ಯಾಂಡರ್ ಅಂಟಿಸುತ್ತಾರೆ. ಜಾಸ್ತಿ ಬಳಕೆಯಲ್ಲಿರುವುದು ಹೈರಾಕ್ಸ್. ನಾಲ್ಕು ಹಲ್ಲಿಗೆ ಲೋಹದ ಬಳೆ, ನಡುವೆ ಅಂಗುಳದಲ್ಲಿ ಜೇಡನ ಹಾಗೆ ಕೂತ ಸ್ಕ್ರೂ.

ಅಂಟಿಸಿದ ದಿನವೇ ಕೀ ತಿರುಗಿಸುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಇದು ಈ ಲೇಖನದಲ್ಲಿ ನಾನು ಹೇಳುವ ಎಲ್ಲಕ್ಕಿಂತ ಮುಖ್ಯವಾದದ್ದು. ತಾನೇ ಕನ್ನಡಿ ನೋಡಿಕೊಂಡು ತಿರುಗಿಸಿಕೊಳ್ಳುವವರೂ ಇದ್ದಾರೆ, ಆದರೆ ಊತದ ಬಾಯಲ್ಲಿ ಅದು ಸುಲಭವಲ್ಲ. ನಮ್ಮ ಅಮ್ಮನಿಗೆ ಕೈ ನಡುಗುತ್ತದೆ, ಅಪ್ಪನಿಗೆ ರಕ್ತ ಕಂಡರೆ ತಲೆ ಸುತ್ತು. ಉಳಿದವಳು ನಾನು. ಕೈ ಗಟ್ಟಿ ಇರಬೇಕು, ಹತ್ತಿರದ ಕಣ್ಣು ಚೆನ್ನಾಗಿರಬೇಕು, ಎರಡು ಮೂರು ವಾರ ಊರು ಬಿಟ್ಟು ಹೋಗದವರಾಗಿರಬೇಕು. ಮದುವೆ ಸೀಸನ್ ನೋಡಿಕೊಂಡು ದಿನ ಗೊತ್ತು ಮಾಡಿ. ಡಾಕ್ಟರ ಟೇಬಲ್ ಮೇಲೆ ಮಾದರಿ ಇದ್ದರೆ ಅದರಲ್ಲಿ ನಾಲ್ಕು ಸಲ ತಿರುಗಿಸಿ ಅಭ್ಯಾಸ ಮಾಡಿಕೊಳ್ಳಿ.

ಗುಟ್ಕಾ, ಎಲೆ ಅಡಿಕೆ, ಸಿಗರೇಟು ವಾರಗಳ ಮುಂಚೆಯೇ ಬಿಡಿ. ಗಾಯ ಒಣಗದಿದ್ದರೆ ಹೊಸ ಮೂಳೆ ಕೂಡುವುದು ಎಲ್ಲಿಂದ? ರಕ್ತ ತೆಳುವಾಗಿಸುವ ಮಾತ್ರೆ, ಬಿಪಿ, ಶುಗರ್, ಯಾವುದಕ್ಕೆ ಏನು ತಗೊಳ್ಳುತ್ತಿದ್ದರೂ ಮುಚ್ಚಿಡಬೇಡಿ. ತಮ್ಮ ಹೊಟ್ಟೆ ನೋವಿಗೆ ತಗೊಳ್ಳುತ್ತಿದ್ದ ಯಾವುದೋ ಚೂರ್ಣವನ್ನೂ ನಾನು ಪಟ್ಟಿಗೆ ಸೇರಿಸಿದ್ದೆ, ಅವನು ನಕ್ಕ. ನಗಲಿ.

ಆಪರೇಷನ್ ದಿನ ಮತ್ತು ಮೊದಲ ವಾರ

ಪೂರ್ತಿ ಅರಿವಳಿಕೆ ಕೊಡುತ್ತಾರೆ. ಬಾಯಿ ಸರ್ಜನ್ ಕೈಗೆ ಬೇಕಾಗಿರುವುದರಿಂದ ಉಸಿರಿನ ನಳಿಕೆ ಮೂಗಿನಿಂದ ಹೋಗುತ್ತದೆ. ಕೊಯ್ಯುವುದೆಲ್ಲ ತುಟಿಯ ಒಳಗಡೆ, ಮುಖದ ಮೇಲೆ ಗುರುತು ಉಳಿಯುವುದಿಲ್ಲ. ಎರಡೂ ಭಾಗ ಸರಿಯಾಗಿ ಸಡಿಲವಾಗಿದೆಯಾ ಅಂತ ಟೇಬಲ್ ಮೇಲೆಯೇ ಸ್ಕ್ರೂ ತಿರುಗಿಸಿ ನೋಡಿ, ಮತ್ತೆ ಹಿಂದಕ್ಕೆ ತಿರುಗಿಸಿ ಬಿಡುತ್ತಾರೆ. ಒಂದೆರಡು ರಾತ್ರಿ ವಾರ್ಡು.

ಎಚ್ಚರವಾದಾಗ ಮೂಗು ಪೂರ್ತಿ ಕಟ್ಟಿರುತ್ತದೆ, ಮೂಗಿನಿಂದ ತುಸು ರಕ್ತ ಜಿನುಗುತ್ತಿರುತ್ತದೆ. ಗಾಬರಿಯಾಗಬೇಡಿ, ಮೂಗನ್ನು ಜೋರಾಗಿ ಊದಿ ಸಿಂಬಳ ತೆಗೆಯಬೇಡಿ. ಎರಡು ವಾರ ಹಾಗೆ ಊದಲೇಬಾರದು. ಸೀನು ಬಂದರೆ ಬಾಯಿ ತೆರೆದು ಸೀನಿ. ಊತ ಎರಡನೇ ಮೂರನೇ ದಿನಕ್ಕೆ ಏರಿ ಆಮೇಲೆ ನಿಧಾನವಾಗಿ ಇಳಿಯುತ್ತದೆ. ಮೂರನೇ ದಿನ ನನ್ನ ತಮ್ಮನ ಮುಖ ನೋಡಿ ಅಮ್ಮ ಅತ್ತೇಬಿಟ್ಟರು, ಮುಂಚೆಯೇ ಹೇಳಿದ್ದರೂ. ಮೊದಲ ಒಂದೆರಡು ದಿನ ಐಸು, ಎರಡು ದಿಂಬು ಇಟ್ಟು ತಲೆ ಎತ್ತರ, ಡಾಕ್ಟರು ಕೊಟ್ಟ ಮೌತ್‌ವಾಷ್. ಮೇಲ್ತುಟಿ, ಕೆನ್ನೆ, ಒಸಡು ಜೋಮು ಹಿಡಿದಂತಿರುತ್ತದೆ. ಬಹಳ ಜನರಿಗೆ ವಾರ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ಸಹಿ ಹಾಕುವ ಮುಂಚೆ ಇದನ್ನು ಓದಿಕೊಂಡಿರಿ.

ಊಟ. ನಮ್ಮೂರಲ್ಲಿ ಇದೇ ದೊಡ್ಡ ಪರೀಕ್ಷೆ. ಮೊದಲ ದಿನಗಳಲ್ಲಿ ರಾಗಿ ಗಂಜಿ, ಮಜ್ಜಿಗೆ, ಸೋಸಿದ ಬೇಳೆ ಕಟ್ಟು. ಎಲ್ಲ ಉಗುರುಬೆಚ್ಚಗೆ, ಸುಡುಸುಡು ಬೇಡ. ಸ್ಟ್ರಾ ಹಾಕಿ ಹೀರಬೇಡಿ. ಆಮೇಲೆ ಮೆತ್ತಗೆ ಕಲಸಿದ ಮೊಸರನ್ನ, ಹಾಲಲ್ಲಿ ನೆನೆಸಿದ ಇಡ್ಲಿ. "ಮುದ್ದೆ ಅಗಿಯೋದೇ ಇಲ್ವಲ್ಲಕ್ಕ, ನುಂಗೋದು ತಾನೆ?" ಅಂತ ನಾಲ್ಕನೇ ದಿನ ವಾದ ಶುರು ಮಾಡಿದ. ಮುದ್ದೆ ಸ್ಕ್ರೂಗೆ ಮೆತ್ತಿಕೊಂಡರೆ ತೆಗೆಯುವವಳು ನಾನು, ಆಗಲ್ಲ ಅಂದೆ. ರೊಟ್ಟಿ ತಿಂಗಳುಗಟ್ಟಲೆ ಮರೆತುಬಿಡಿ. ಮಂಡಕ್ಕಿ ಅಂತೂ ಎಕ್ಸ್‌ಪ್ಯಾಂಡರ್ ಬಾಯಲ್ಲಿರುವ ತನಕ ಮುಟ್ಟಲೇಬೇಡಿ. ಒಂದೊಂದು ಕಾಳೂ ಹೋಗಿ ಸ್ಕ್ರೂ ಹಿಂದೆ ಅಂಟಿಕೊಳ್ಳುತ್ತದೆ. ಮಿರ್ಚಿಯ ಕಥೆ ಹೇಳುವುದೇ ಬೇಡ.

ಕೀ ತಿರುಗಿಸುವುದು

ಆಪರೇಷನ್ ಆದ ಕೂಡಲೇ ತಿರುಗಿಸುವುದಿಲ್ಲ. ಸಾಮಾನ್ಯವಾಗಿ 5ರಿಂದ 7 ದಿನ ಬಿಡುತ್ತಾರೆ. ಕೊಯ್ದ ಜಾಗದಲ್ಲಿ ಎಳೆಯ ಅಂಗಾಂಶ ಕೂಡಲು ಶುರುವಾಗಬೇಕು, ಅದನ್ನು ನಿಧಾನವಾಗಿ ಎಳೆದರೆ ಅದೇ ಮುಂದೆ ಮೂಳೆಯಾಗುತ್ತದೆ. ಅವಸರ ಮಾಡಿದರೆ ಹರಿಯುತ್ತದೆ, ತಡ ಮಾಡಿದರೆ ಗಟ್ಟಿಯಾಗಿಬಿಡುತ್ತದೆ. ಬಹಳ ಸ್ಕ್ರೂಗಳಲ್ಲಿ ಒಂದು ಸಲದ ತಿರುವು ಅಂದರೆ ಕಾಲು ಸುತ್ತು, ಕಾಲು ಮಿಲಿಮೀಟರ್. ದಿನಕ್ಕೆ ಎರಡು ಸಲ, ಅರ್ಧ ಮಿಲಿಮೀಟರ್. ನಿಮಗೆ ಎಷ್ಟು ಅಂತ ಡಾಕ್ಟರು ಚೀಟಿಯಲ್ಲಿ ಬರೆದಿದ್ದೇ ಲೆಕ್ಕ, ನನ್ನದಲ್ಲ. ನನ್ನ ತಮ್ಮನಿಗೆ 8 ಮಿಲಿಮೀಟರ್ ಬೇಕಿತ್ತು. 32 ತಿರುವು, 16 ದಿನ.

ಹೀಗೆ ಮಾಡಿ. ಊಟವಾಗಿ ಹಲ್ಲುಜ್ಜಿದ ಮೇಲೆ, ಬೆಳಕಿರುವ ಕಡೆ ತಲೆ ಹಿಂದಕ್ಕೆ ಒರಗಿಸಿ ಕೂರಿಸಿ. ಕೀಗೆ ಉದ್ದದ ದಾರ ಕಟ್ಟಿ ನಿಮ್ಮ ಬೆರಳಿಗೆ ಸುತ್ತಿಕೊಳ್ಳಿ, ಜಾರಿದರೆ ಗಂಟಲಿಗೆ ಹೋಗಬಾರದು. ಸ್ಕ್ರೂನಲ್ಲಿ ಮುಂದೆ ಕಾಣುವ ಸಣ್ಣ ತೂತಿಗೆ ಕೀ ಪೂರ್ತಿ ಇಳಿಸಿ. ನಂತರ ಗಂಟಲಿನ ಕಡೆಗೆ, ಹಿಂದಕ್ಕೆ ತಳ್ಳಿ. ಇನ್ನೊಂದು ಹೊಸ ತೂತು ಮುಂಭಾಗದಲ್ಲಿ ಸರಿಯಾಗಿ ಕಾಣುವ ತನಕ ತಳ್ಳಬೇಕು. ಆಮೇಲೆ ಕೀಯನ್ನು ಹಿಂಭಾಗದಿಂದಲೇ, ಕೆಳಮುಖವಾಗಿ, ಮೆಲ್ಲಗೆ ಬಿಡಿಸಿಕೊಳ್ಳಿ. ಮುಂದಕ್ಕೆ ಎಳೆದು ತೆಗೆದರೆ ಸ್ಕ್ರೂ ವಾಪಸ್ ತಿರುಗಿಬಿಡುತ್ತದೆ.

ಪೂರ್ತಿ ತಳ್ಳದಿದ್ದರೂ ತೊಂದರೆಯೇ. ನಾನು ಆರನೇ ದಿನ ರಾತ್ರಿ ಆ ತಪ್ಪು ಮಾಡಿದೆ. ಅವನು "ಸಾಕಕ್ಕಾ" ಅಂತ ಮುಖ ಕಿವುಚಿದ, ನಾನು ಅರ್ಧಕ್ಕೇ ಬಿಟ್ಟೆ. ಬೆಳಿಗ್ಗೆ ನೋಡಿದರೆ ತೂತೇ ಕಾಣುತ್ತಿಲ್ಲ, ಕೀ ಹಾಕಲು ಜಾಗವೇ ಇಲ್ಲ. ಕಾಲೇಜಿಗೆ ಓಡಿದೆವು. ಅವರು ಬೇರೆ ಉಪಕರಣದಿಂದ ಸರಿಮಾಡಿದರು, ಆ ದಿನದ ಲೆಕ್ಕ ಮಾತ್ರ ಹೋಯಿತು. 16 ದಿನ 17 ಆಯಿತು. ತಪ್ಪಿಹೋದ ತಿರುವನ್ನು ನೀವಾಗಿ ಸೇರಿಸಿ ಎರಡು ಮಾಡಬೇಡಿ, ಫೋನ್ ಮಾಡಿ ಕೇಳಿ.

ತಿರುಗಿಸಿದಾಗ ಮೂಗಿನ ಬುಡದಲ್ಲಿ, ಕಣ್ಣುಗಳ ನಡುವೆ, ಒಂದೈದು ನಿಮಿಷ ಒತ್ತಿದ ಹಾಗಾಗುತ್ತದೆ. ಕಣ್ಣಲ್ಲಿ ನೀರು ಬರಬಹುದು. ತಡೆಯಲಾಗದ ನೋವು ಬರಬಾರದು. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ತಿರುಗಿಸಿದ ಕೂಡಲೇ ಗುರುತು ಹಾಕಿ. "ಬೆಳಿಗ್ಗೆ ಮಾಡಿದ್ವಾ ಇಲ್ವಾ" ಅನ್ನುವ ಜಗಳ ತಪ್ಪುತ್ತದೆ.

ಕೆಲವು ದಿನದಲ್ಲಿ ಮುಂದಿನ ಎರಡು ಹಲ್ಲಿನ ನಡುವೆ ಸಂದಿ ಬೀಳುತ್ತದೆ. ದಿನದಿನಕ್ಕೂ ದೊಡ್ಡದಾಗುತ್ತದೆ. ಕೊನೆಗೆ ಪೆನ್ಸಿಲ್ ತೂರುವಷ್ಟು. ಮಾತು ತೊದಲುತ್ತದೆ, ‘ಸ’ ‘ಶ’ ಹೇಳಲು ಗಾಳಿ ಸೋರುತ್ತದೆ. ಬೀದಿಯಲ್ಲಿ ಸಿಕ್ಕವರು "ಏನ್ಲೇ ಇದು, ಹಲ್ಲು ಸರಿ ಮಾಡಿಸೋಕೆ ಹೋಗಿ ಹಾಳು ಮಾಡ್ಕೊಂಡ್ಯಾ?" ಅಂತಾರೆ. ಅಲ್ಲ. ಸಂದಿ ಬಿತ್ತು ಅಂದರೆ ಮೂಳೆ ತೆರೆಯಿತು ಅಂತ. ಸಂದಿ ಬೀಳದಿದ್ದರೇ ಭಯಪಡಬೇಕು.

ಇವು ಕಂಡರೆ ತಿರುಗಿಸುವುದು ನಿಲ್ಲಿಸಿ, ಆಗಲೇ ಫೋನ್ ಮಾಡಿ: ನಾಲ್ಕೈದು ದಿನವಾದರೂ ಸಂದಿ ಬರದಿರುವುದು, ಒಂದೇ ಕಡೆ ಸರಿಯುತ್ತಿರುವಂತೆ ಕಾಣುವುದು, ಎಕ್ಸ್‌ಪ್ಯಾಂಡರ್ ಅಲುಗಾಡುವುದು, ಜ್ವರ ಅಥವಾ ಕೀವಿನ ವಾಸನೆ, ಮುಂದಿನ ಹಲ್ಲು ಕಪ್ಪಾಗುವುದು, ಅದರ ಪಕ್ಕದ ಒಸಡು ಹರಿದು ಸರಿಯುವುದು. ಮೂಗಿನಿಂದಲೋ ಬಾಯಿಂದಲೋ ರಕ್ತ ಸುರಿದು ನಿಲ್ಲದಿದ್ದರೆ ಫೋನ್ ಮಾಡುತ್ತಾ ಕೂರಬೇಡಿ, ಎಮರ್ಜೆನ್ಸಿಗೆ ಹೋಗಿ. ಅಪರೂಪಕ್ಕೆ ಇದು ಆಪರೇಷನ್ ಆಗಿ ವಾರ ಎರಡು ವಾರದ ಮೇಲೂ ಆಗುತ್ತದೆ. "ಆಗಲೇ ವಾಸಿಯಾಗಿದೆಯಲ್ಲ" ಅಂತ ಕಡೆಗಣಿಸಬೇಡಿ.

ತಿರುಗಿಸುವುದು ನಿಂತ ಮೇಲೆ

ಬೇಕಾದದ್ದಕ್ಕಿಂತ ತುಸು ಜಾಸ್ತಿಯೇ ಅಗಲ ಮಾಡಿ ನಿಲ್ಲಿಸುತ್ತಾರೆ, ಸ್ವಲ್ಪ ವಾಪಸ್ ಬರುವುದು ಇದ್ದದ್ದೇ. ಸ್ಕ್ರೂ ತಾನಾಗಿ ತಿರುಗದ ಹಾಗೆ ಸಿಮೆಂಟ್ ಅಥವಾ ತಂತಿ ಹಾಕಿ ಲಾಕ್ ಮಾಡುತ್ತಾರೆ. ಇಲ್ಲಿಂದ 3ರಿಂದ 6 ತಿಂಗಳು ಆ ಜೇಡ ಬಾಯಲ್ಲೇ ಇರುತ್ತದೆ. ಜನ ತಾಳ್ಮೆ ಕಳೆದುಕೊಳ್ಳುವುದು ಇಲ್ಲೇ. ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಗುತ್ತಿದೆ, ಸಂದಿನಲ್ಲಿ ಮೂಳೆ ತುಂಬುತ್ತಿದೆ. ಬೇಗ ತೆಗೆಸಿದರೆ ದವಡೆ ಮತ್ತೆ ಒಳಗೆ ಬರುತ್ತದೆ. ಇಷ್ಟು ದಿನ ಸ್ವಚ್ಛವಾಗಿ ಇಟ್ಟುಕೊಳ್ಳಬೇಕು. ಸಣ್ಣ ಮಕ್ಕಳ ಬ್ರಷ್ಷು ಸ್ಕ್ರೂ ಕೆಳಗೆ ಚೆನ್ನಾಗಿ ಹೋಗುತ್ತದೆ. ಸೂಜಿ ತೆಗೆದ ಸಿರಿಂಜಿನಲ್ಲಿ ನೀರು ಚಿಮ್ಮಿಸಿದರೆ ಅನ್ನದ ಅಗುಳು ಹೊರಬರುತ್ತದೆ.

ಸಂದಿ ನೋಡಿ "ಕ್ಲಿಪ್ ಹಾಕಿ ಬೇಗ ಮುಚ್ಚಿ ಸರ್" ಅಂತ ನಾನೇ ಡಾಕ್ಟರಿಗೆ ದುಂಬಾಲು ಬಿದ್ದಿದ್ದೆ. ಅವರು ಒಪ್ಪಲಿಲ್ಲ. ನಡುವೆ ಇನ್ನೂ ಮೂಳೆಯೇ ಇಲ್ಲ, ಹಲ್ಲನ್ನು ಅಲ್ಲಿಗೆ ತಳ್ಳಿದರೆ ಬೇರಿಗೆ ಆಧಾರ ಎಲ್ಲಿ? ಒಸಡಿನ ಎಳೆಗಳು ಎಳೆದು ಎಳೆದು ಹಲ್ಲುಗಳು ತಾವಾಗಿಯೇ ಹತ್ತಿರ ಬರತೊಡಗಿದವು, ಎಕ್ಸ್‌ಪ್ಯಾಂಡರ್ ಇದ್ದಾಗಲೇ. ಉಳಿದ ಸಂದಿಯನ್ನು ಆಮೇಲೆ ಕ್ಲಿಪ್ ಮುಚ್ಚಿತು. ಕ್ಲಿಪ್ಪಿನ ಕೆಲಸಕ್ಕೆ ಒಂದರಿಂದ ಎರಡು ವರ್ಷ ಹಿಡಿಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಎಲ್ಲ ಮುಗಿದ ಮೇಲೆ ರಿಟೇನರ್ ಕೊಡುತ್ತಾರೆ, ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ, ತೆಗೆದು ಹಾಕಬಹುದಾದ ಸಾಧನ. ಮೊದಲು ಹಗಲೂ ರಾತ್ರಿ, ಆಮೇಲೆ ರಾತ್ರಿ ಮಾತ್ರ, ವರ್ಷಗಟ್ಟಲೆ. ಅದರ ಡಬ್ಬಿಯನ್ನು ಯಾವಾಗಲೂ ಜೇಬಲ್ಲಿ ಇಟ್ಟುಕೊಳ್ಳಿ. ನನ್ನ ತಮ್ಮ ಹರಿಹರದಲ್ಲಿ ಒಂದು ಮದುವೆ ಊಟಕ್ಕೆ ಕೂತಾಗ ರಿಟೇನರ್ ತೆಗೆದು ಕಾಗದದಲ್ಲಿ ಸುತ್ತಿ ಬಾಳೆಎಲೆ ಪಕ್ಕ ಇಟ್ಟ. ಎಲೆ ಎತ್ತುವವರು ಎಲೆ ಜೊತೆಗೇ ಎತ್ತಿಕೊಂಡು ಹೋದರು. ಮಾರನೇ ದಿನ ಹೊಸದಕ್ಕೆ ಅಳತೆ ಕೊಡಲು ಮತ್ತೆ ನಾನೇ ಜೊತೆಗೆ ಹೋದೆ.